ದಂಡಿನೊಡನೆ ನಡೆದ ಗೃಹಿಣಿ

ಮಡಿಕೇರಿಯಲ್ಲಿರುವ ಜನರಲ್ ತಿಮ್ಮಯ್ಯನವರ ಹಿರಿಯರ ಮನೆ 'ಸನ್ನಿ ಸೈಡ್' 2021ನೆಯ ಇಸವಿಯ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳ ಹಸ್ತದಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ವೀರನ ಸ್ಮಾರಕವನ್ನು ಕಟ್ಟುವುದು ನಾಡಿನ ಕರ್ತವ್ಯವೇ ಸರಿ. ಆದರೆ ಸೈನಿಕನ ಬಾಳಿನಲ್ಲಿ ಸಮಪಾಲನ್ನು ಹೊತ್ತ ಗೃಹಿಣಿಗೆ ಸ್ಮಾರಕವೆಲ್ಲಿ? ಅವಳಿಗೆ ತನ್ನದೆಂದು ತೋರಿಸಲು ಒಂದು ಮನೆಯಾದರೂ ಎಲ್ಲಿ? ಎರಡು ಮೂರು ವರ್ಷಕ್ಕೊಂದರಂತೆ ಹೂಡಿ ಕಿತ್ತ ಬಿಡಾರಗಳ ಸಾಲೇ ಅವಳ ಮನೆ.

ತಿಮ್ಮಯ್ಯನವರ ಪತ್ನಿ ಶ್ರೀಮತಿ ನೀನಾ ತಿಮ್ಮಯ್ಯನವರ ಜೀವನವನ್ನೇ ನೋಡೋಣ. ಅವರ ವಿವಾಹವಾದುದು 1935ರ ಆರಂಭದಲ್ಲಿ. ಅದೇ ವರ್ಷದ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ನಗರವು ಭೂಕಂಪದಿಂದ ನೆಲಸಮವಾಯಿತು. ಮಡಿದವರ ಸಂಖ್ಯೆ ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲವೆಂದು ಅಂದಾಜು. ಕೊಡಗಿನಿಂದ ಬಲು ದೂರದ ಆ ದಂಡಿನ ಊರಿನಲ್ಲಿ ಸಂತ್ರಸ್ತರಿಗೆ ಈ ನವವಧು ಸಲ್ಲಿಸಿದ ಸೇವೆಗಾಗಿ ಅವರಿಗೆ 'ಕೈಸರ್-ಇ-ಹಿಂದ್' ಪದಕ ದೊರೆಯಿತು. ಮರುವರ್ಷ ಮಗಳ ಜನನ. ಆ ಬಳಿಕ ಪತಿಗೆ ಮದರಾಸಿನಲ್ಲಿ ನೇಮಕ, ಮುಂದೆ ಸಿಂಗಪುರ. 1948ರಲ್ಲಿ ಕಾಶ್ಮೀರದ ಸಮರ, 1953ರಲ್ಲಿ ಕೊರಿಯಾ, 1957ರಿಂದ 1961ರವರೆಗೆ ದಿಲ್ಲಿಯಲ್ಲಿ ಭೂಸೇನೆಯ ಮುಖ್ಯಸ್ಥನ ಹೊಣೆ, ಕೊನೆಗೆ ವಿಶ್ವಸಂಸ್ಥೆಯ ಸೇನೆಯ ನಾಯಕನಾಗಿ ಸೈಪ್ರಸ್. ಅಲ್ಲಿಯೇ 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ತೀರಿಕೊಂಡರು. ಸೈಪ್ರಸ್ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿ ಗೌರವಿಸಿತು. ಸೇನಾನಿಯ ಚರಿತ್ರೆಯಲ್ಲಿ ಇವೆಲ್ಲವೂ ಕೀರ್ತಿಯ ಮೆಟ್ಟಿಲುಗಳು. ಪತ್ನಿಯ ಪಾಲಿಗಾದರೋ ಇವುಗಳಲ್ಲಿ ಒಂದೊಂದೂ ಒಂದು ಪ್ರಯಾಣ, ಇಲ್ಲವೆ ಒಂದು ಅಗಲಿಕೆ.

ಇಂತಹ ಖ್ಯಾತರ ಮಾತು ಹಾಗಿರಲಿ. ಹೆಸರು ಯಾರಿಗೂ ತಿಳಿಯದ ಸಾವಿರಾರು ಕನ್ನಡ ಗೃಹಿಣಿಯರು ಇದೇ ಬಾಳನ್ನು ಬಾಳಿದ್ದಾರೆ. ಗಂಡನ ಹೆಸರನ್ನೂ ಹುದ್ದೆಯನ್ನೂ ಬಿಳಿಯ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕುಗಳಲ್ಲಿ ಸಂಸಾರವನ್ನೆಲ್ಲ ತುಂಬಿ, ಅಂಬಾಲದಿಂದ ಜಬಲ್ಪುರಕ್ಕೆ, ಅಲ್ಲಿಂದ ಮತ್ತೊಂದು ಊರಿಗೆ ಸಾಗಿದವರು ಅವರು. ಗಂಡನನ್ನು ಗಡಿಗೆ ಕಳುಹಿಸಿದಾಗ ಕುಟುಂಬಕ್ಕೆ ಅಲ್ಲಿ ಪ್ರವೇಶವಿಲ್ಲ. ಪತ್ರದ ವಿಳಾಸದಲ್ಲಿ '56 ಎ.ಪಿ.ಒ.' ಎಂಬ ಅಂಕಿಯಿರುವುದೇ ಹೊರತು ಊರಿನ ಹೆಸರಿಲ್ಲ; ಪತಿ ಹಿಮದಲ್ಲಿರುವನೋ ಮರುಭೂಮಿಯಲ್ಲಿರುವನೋ ಎಂಬುದನ್ನು ಅದರಿಂದ ಅರಿಯಲಾಗದು. ಅಷ್ಟರಲ್ಲಿ ಮಕ್ಕಳ ಜ್ವರ, ಪರೀಕ್ಷೆ, ಊರಿನಲ್ಲಿ ಅತ್ತೆಮಾವಂದಿರ ಕಾಯಿಲೆ ಎಲ್ಲಕ್ಕೂ ಅವಳೊಬ್ಬಳೇ ಹೊಣೆ.

ಭಾಷೆಯ ಮಾತನ್ನೂ ಇಲ್ಲಿ ಹೇಳಲೇಬೇಕು. ವರ್ಗಾವಣೆಯಾಗುವ ನೌಕರರ ಮಕ್ಕಳಿಗಾಗಿ 1963ರಲ್ಲಿ ಇಪ್ಪತ್ತು ರೆಜಿಮೆಂಟ್ ಶಾಲೆಗಳನ್ನು ವಹಿಸಿಕೊಂಡು ಕೇಂದ್ರೀಯ ವಿದ್ಯಾಲಯಗಳ ವ್ಯವಸ್ಥೆ ಮೊದಲಾಯಿತು. ಊರು ಬದಲಾದರೂ ಪಾಠ ಬದಲಾಗದಂತಾದುದು ದೊಡ್ಡ ಉಪಕಾರ. ಆದರೆ ಅಲ್ಲಿನ ಕಲಿಕೆ ಹಿಂದಿ, ಇಂಗ್ಲಿಷುಗಳಲ್ಲಿ. ಹೊರನಾಡಿನ ದಂಡಿನ ಮಗುವಿಗೆ ಕನ್ನಡದ ಅಕ್ಷರವನ್ನು ತಿದ್ದಿಸಿದವರು ಯಾರು? ಅಜ್ಜಿಗೆ ನಾಲ್ಕು ಸಾಲಿನ ಕಾಗದವನ್ನು ಬರೆಸಿದವರು ಯಾರು? ತಾಯಿಯಲ್ಲದೆ ಬೇರಾರೂ ಅಲ್ಲ. ಶಾಲೆಯಿಲ್ಲದೆ, ಪುಸ್ತಕವಿಲ್ಲದೆ ನಡೆದ ಈ ಕನ್ನಡದ ಸೇವೆ ಯಾವ ವರದಿಯಲ್ಲಿಯೂ ದಾಖಲಾಗಿಲ್ಲ.

ಅಧಿಕಾರಿಗಳ ಪತ್ನಿಯರಿಗೆ ಬಂಗಲೆ, ಆಳುಕಾಳು, ಕ್ಲಬ್ಬು ಎಲ್ಲವೂ ಇದ್ದವಲ್ಲ, ಅವರ ಕಷ್ಟವೇನು ಮಹಾ ಎಂದು ಕೆಲವರು ಆಕ್ಷೇಪಿಸಬಹುದು. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ದೇಶ ಸುತ್ತುವ ಅವಕಾಶ ಅಧಿಕಾರಿಯ ಮಡದಿಗೆ ದೊರೆತಷ್ಟು ಜವಾನನ ಮಡದಿಗೆ ದೊರೆಯಲಿಲ್ಲ. ಹಲವು ವೇಳೆ ಅವಳು ಹಳ್ಳಿಯಲ್ಲಿಯೇ ಉಳಿದು ಮನಿಯಾರ್ಡರಿನ ದಾರಿ ಕಾಯುತ್ತ ಹೊಲಮನೆಗಳನ್ನು ನಡೆಸಿದಳು. ಅವಳ ಕಥೆ ಇನ್ನೂ ಹೆಚ್ಚು ಮೌನದಲ್ಲಿದೆ. ಆದರೆ ಒಬ್ಬಳ ಸೌಕರ್ಯವನ್ನು ತೋರಿಸಿ ಇಬ್ಬರನ್ನೂ ಮರೆಯುವುದು ನ್ಯಾಯವಲ್ಲ. 1962, 1965, 1971ರ ಯುದ್ಧಗಳ ರಾತ್ರಿಗಳಲ್ಲಿ ತಂತಿಯವನ ಹೆಜ್ಜೆಯ ಸಪ್ಪಳಕ್ಕೆ ನಡುಗಿದ ಎದೆಗಳಿಗೆ ಹುದ್ದೆಯ ಭೇದವಿರಲಿಲ್ಲ. 1966ರಲ್ಲಿ ಸ್ಥಾಪನೆಯಾದ ಸೈನಿಕ ಪತ್ನಿಯರ ಕಲ್ಯಾಣ ಸಂಘವು ಜವಾನರ ಕುಟುಂಬಗಳನ್ನೂ ವಿಧವೆಯರನ್ನೂ ತನ್ನ ಸೇವೆಯೊಳಗೆ ತಂದುಕೊಂಡುದು ಈ ಅರಿವಿನಿಂದಲೇ ಎಂದು ನಾವು ಭಾವಿಸುತ್ತೇವೆ.

ನಮ್ಮ ವಾಚಕರಲ್ಲಿ ಬಹುಮಂದಿ ನೆಲೆಸಿರುವ ಊರುಗಳು ದಂಡಿನ ಊರುಗಳೂ ಹೌದು. ಮುಂಬಯಿಯ ಕೊಲಾಬಾ, ಪುಣೆಯ ಖಡಕಿ, ಸಿಕಂದರಾಬಾದಿನ ತಿರುಮಲಗಿರಿ, ಚೆನ್ನೈಯ ಪರಂಗಿಮಲೆ, ದಿಲ್ಲಿಯ ಕಂಟೋನ್ಮೆಂಟುಗಳ ಆಸುಪಾಸಿನಲ್ಲಿ, ನಿವೃತ್ತಿಯ ನಂತರ ಅಲ್ಲಿಯೇ ನೆಲೆನಿಂತ ಕನ್ನಡದ ಸೈನಿಕ ಕುಟುಂಬಗಳಿವೆ. 1971ರಲ್ಲಿ ಕೈಗೂಸನ್ನು ಎತ್ತಿಕೊಂಡು ರೇಡಿಯೋದ ಮುಂದೆ ಕುಳಿತಿದ್ದ ತರುಣಿಗೆ ಈಗ ಎಂಬತ್ತರ ಸಮೀಪದ ವಯಸ್ಸು. ಆಕೆ ತೀರಿಕೊಂಡಾಗ 'ಇಂತಹವರ ಧರ್ಮಪತ್ನಿ, ಇಂತಹವರ ತಾಯಿ' ಎಂಬ ಎರಡು ಸಾಲಿನ ವಾರ್ತೆಯಲ್ಲಿ ಅರ್ಧ ಶತಮಾನದ ಇತಿಹಾಸವೇ ಮುಗಿದುಹೋಗುತ್ತದೆ.

ಇದಕ್ಕೆ ನಮ್ಮ ಸಲಹೆ ಸರಳವಾದುದು. ಹೊರನಾಡ ಕನ್ನಡ ಸಂಘಗಳು ವರ್ಷಕ್ಕೊಮ್ಮೆ, ಸೇನಾದಿನವಾದ ಜನವರಿ 15ರಂದಾದರೂ, ಇಂತಹ ಹಿರಿಯ ಗೃಹಿಣಿಯರನ್ನು ಕರೆಯಿಸಿ, ಹಾರ ಹಾಕಿ ಕಳುಹಿಸದೆ, ಕುಳ್ಳಿರಿಸಿ ಅವರ ಮಾತನ್ನು ಕೇಳಬೇಕು, ಕೇಳಿದುದನ್ನು ಬರೆದಿಡಬೇಕು. ಮಕ್ಕಳು ಟ್ರಂಕಿನ ಅಡಿಯಲ್ಲಿರುವ ಕಾಗದಗಳನ್ನು ರದ್ದಿಗೆ ಹಾಕದೆ ಕಾಪಾಡಬೇಕು. ಎಷ್ಟು ಮನೆ ಬದಲಾಯಿಸಿದಿರಿ, ಯಾರನ್ನು ಅಗಲಿದಿರಿ, ಯಾವ ಓದನ್ನು, ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟಿರಿ ಎಂದು ತಾಯಂದಿರನ್ನು ಕೇಳಬೇಕು. ಅವರ ಉತ್ತರಗಳು ದೇಶದ ಚರಿತ್ರೆಗೇ ಸೇರಿದವು. ಹೇಳುವವರು ನಮ್ಮೊಡನಿರುವಾಗಲೇ ಈ ಕಾರ್ಯ ನಡೆಯಲೆಂದು ಹಾರೈಸುತ್ತೇವೆ.