ಮೂಗು ಒಳಗೆ ಹೋದಷ್ಟೂ ರೇಟು ಮೇಲೆ

ಗಂಗಾವತಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೋದ ವರ್ಷ ಒಂದು ಪರ್ಷಿಯನ್ ಬೆಕ್ಕಿನ ಮರಿ ತರಿಸಿದಳು. ಕೊಳ್ಳುವ ಮೊದಲು ಬೆಂಗಳೂರಿನ ಮಾರಾಟಗಾರ ವಾಟ್ಸಾಪ್‌ನಲ್ಲಿ ರೇಟು ಕಳಿಸಿದ್ದ. ಡಾಲ್ ಫೇಸ್‌ಗೆ ಒಂದು ರೇಟು, ಸೆಮಿ ಪಂಚ್‌ಗೆ ಅದಕ್ಕಿಂತ ಹೆಚ್ಚು, ಪಂಚ್ ಫೇಸ್‌ಗೆ ಇನ್ನೂ ಹೆಚ್ಚು, ಎಲ್ಲಕ್ಕಿಂತ ಮೇಲೆ ಎಕ್ಸ್‌ಟ್ರೀಮ್ ಪಂಚ್. ಈ ಧಂದೆಯ ಭಾಷೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಪಂಚ್ ಅಂದರೆ ಮುಖಕ್ಕೆ ಗುದ್ದಿ ಮೂಗನ್ನು ಒಳಗೆ ತಳ್ಳಿದಂತೆ ಕಾಣುವ ಬೆಕ್ಕು. ಹೆಸರಿಟ್ಟವರಾದರೂ ಪ್ರಾಮಾಣಿಕರು.

ಅವಳು ಪಂಚ್ ಫೇಸ್ ತಂದಳು. ಬಂದ ದಿನದಿಂದಲೇ ಅದರ ಕಣ್ಣಲ್ಲಿ ನೀರು. ಮೂಗಿನ ಪಕ್ಕದ ಮಡಿಕೆಯಲ್ಲಿ ಕಂದು ಬಣ್ಣದ ಕೊಳೆ, ವಾಸನೆ. ತಾಲ್ಲೂಕಿನ ಪಶುವೈದ್ಯರು ದಿನವಿಡೀ ಎಮ್ಮೆ, ಆಕಳು, ಕುರಿ ನೋಡುವವರು. ಆದರೂ ಬೆಕ್ಕನ್ನು ಕೈಗೆತ್ತಿಕೊಂಡು ಒಂದೇ ಮಾತು ಹೇಳಿದರು: "ಕಣ್ಣೀರು ಇಳಿಯೋ ದಾರೀನ ಸೊಟ್ಟ ಐತಿ ಇದಕ್ಕ. ಔಷಧ ಹಾಕಿದ್ರ ಉರಿ ಕಡಿಮಿ ಆಗ್ತೈತವ್ವಾ, ದಾರಿ ನೆಟ್ಟಗ ಆಗಂಗಿಲ್ಲ."

ಅವರು ಹೇಳಿದ್ದು ಅಕ್ಷರಶಃ ನಿಜ. ಸಾಮಾನ್ಯ ಬೆಕ್ಕಿನಲ್ಲಿ ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳ ಹೋಗುತ್ತದೆ; ಕಣ್ಣೀರು ಅದರಲ್ಲಿ ಇಳಿಯುತ್ತದೆ. ಮುಖವನ್ನು ಹಿಂದಕ್ಕೆ ತಳ್ಳಿದಾಗ ಮೇಲಿನ ಕೋರೆಹಲ್ಲು ತಿರುಗಿ ಅಡ್ಡ ಮಲಗುತ್ತದೆ, ನಾಳ ಅದರ ಕೆಳಗೆ ಮಡಚಿಕೊಳ್ಳುತ್ತದೆ. ಮತ್ತೆ ನೀರು ಎಲ್ಲಿಗೆ ಹೋಗಬೇಕು? ಕೆನ್ನೆಯ ಮೇಲೆ ಹರಿಯುತ್ತದೆ, ಚರ್ಮದ ಮಡಿಕೆ ಸದಾ ಒದ್ದೆ, ಅಲ್ಲಿ ಸೋಂಕು. ಮೂಗಿನ ಹೊಳ್ಳೆಗಳು ಗೀರಿನಷ್ಟು ಕಿರಿದು. ಕಣ್ಣಿನ ಗುಳಿ ಆಳವಿಲ್ಲದ್ದರಿಂದ ಗುಡ್ಡೆ ಮುಂದಕ್ಕೆ ಬಂದು, ಎಷ್ಟೋ ಬೆಕ್ಕುಗಳಿಗೆ ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕರಿಗುಡ್ಡೆಯ ಮೇಲ್ಪದರ ಒಣಗಿ ಹುಣ್ಣಾಗುತ್ತದೆ, ಕೆಲವಕ್ಕೆ ಅಲ್ಲಿ ಸತ್ತ ಭಾಗ ಕಪ್ಪು ಹೊಪ್ಪಳೆಯಂತೆ ಕೂರುತ್ತದೆ. ಹಲ್ಲುಗಳಿಗೆ ಜಾಗವಿಲ್ಲ, ಒಂದರ ಮೇಲೊಂದು. ತಾಯಿಗೆ ಹೆರಿಗೆಯೂ ಕಷ್ಟ, ಮರಿಯ ತಲೆ ದಪ್ಪ ಮತ್ತು ಗುಂಡಗೆ.

ಇದಾವುದೂ ಕಾಯಿಲೆ ತಗಲಿ ಬಂದದ್ದಲ್ಲ. ಇದನ್ನು ಬೇಕೆಂದೇ ಮಾಡಲಾಗಿದೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದ ಕಾಲದಲ್ಲಿ ಪರ್ಷಿಯನ್ ಬೆಕ್ಕಿಗೆ ಎಲ್ಲ ಬೆಕ್ಕಿನ ಹಾಗೆ ಮೂಗಿತ್ತು. ಉದ್ದ ಕೂದಲೊಂದೇ ಅದರ ವಿಶೇಷ. ಆ ಮೂಗನ್ನು ಅಳಿಸಿದ್ದು 20ನೇ ಶತಮಾನದ ತಳಿಗಾರರು, ಅದರಲ್ಲೂ ಅಮೆರಿಕದವರು. ತಲೆಮಾರಿನಿಂದ ತಲೆಮಾರಿಗೆ ಅತಿ ಚಪ್ಪಟೆ ಮುಖದವನ್ನೇ ಆರಿಸಿ ಕೂಡಿಸಿ, ಪದಕ ಕೊಟ್ಟು ಮಾಡಿದ ಕೆಲಸ ಅದು. ಪಾಪ, ಪರ್ಷಿಯಾಕ್ಕೆ ಕೆಟ್ಟ ಹೆಸರು.

ಈಗ ಆ ಪದಕದ ಜಾಗದಲ್ಲಿ ನಮ್ಮ ರೇಟಿನ ಪಟ್ಟಿ ಬಂದು ಕೂತಿದೆ. ಕನ್ನಡದಲ್ಲಿ ಪರ್ಷಿಯನ್ ಬೆಕ್ಕಿನ ಬಗ್ಗೆ ಬರುವ ವಿಡಿಯೊ, ಬರಹಗಳಲ್ಲಿ ಹೆಚ್ಚಿನವು ಎರಡೇ ಬಗೆ: ಮನೆಯಲ್ಲೇ ಮರಿ ಮಾಡಿಸಿ ಆದಾಯ ಗಳಿಸಿ ಎನ್ನುವುದು ಒಂದು, ಆರೈಕೆಯ ಹತ್ತು ಸಲಹೆಗಳು ಎನ್ನುವುದು ಇನ್ನೊಂದು. ನನಗೆ ಎರಡನೆಯದರ ಮೇಲೇ ಹೆಚ್ಚು ಸಿಟ್ಟು. ದಿನಕ್ಕೆರಡು ಸಲ ಕಣ್ಣು ಒರೆಸಿ ಎಂದು ಹೇಳುತ್ತಾರೆ, ಒರೆಸಬೇಕಾದ ಕಣ್ಣನ್ನು ಯಾಕೆ ಹುಟ್ಟಿಸಿದಿರಿ ಎಂದು ಕೇಳುವುದಿಲ್ಲ. ಮಲಗಿದಾಗ ಗೊರಕೆ ಹೊಡೆಯುವ ಬೆಕ್ಕಿನ ರೀಲ್ಸ್‌ಗೆ ನಾವೇ ಹಾರ್ಟ್ ಒತ್ತುತ್ತೇವೆ. ಅದು ಗಾಳಿಗೆ ತಿಣುಕುವ ಸದ್ದು.

"ಬಹಳ ಶಾಂತ ಸ್ವಭಾವದ ತಳಿ, ಎಲ್ಲೂ ಹಾರಲ್ಲ, ಏನೂ ಬೀಳಿಸಲ್ಲ" ಎಂಬುದು ಮಾರುವವರ ಇನ್ನೊಂದು ಮಾತು. 2016ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬೆಕ್ಕು ಸಾಕಿದವರಿಂದ ಫೋಟೊ, ಮಾಹಿತಿ ಪಡೆದು ನೋಡಿತು. ಮುಖ ಚಪ್ಪಟೆಯಾದಷ್ಟೂ ಉಸಿರಾಟದ ತೊಂದರೆ ಹೆಚ್ಚು, ಕಣ್ಣೀರು ಸುರಿಯುವುದು ಹೆಚ್ಚು, ಓಡಾಟ ಕಡಿಮೆ. ಶಾಂತಿಯ ಕಾರಣ ಏನಿರಬಹುದು ನೀವೇ ಹೇಳಿ.

ಮೂಗಿಗೆ ಸಂಬಂಧವಿಲ್ಲದ, ಆದರೆ ಇದೇ ವಂಶದಲ್ಲಿ ಹರಿದು ಬಂದ ಇನ್ನೊಂದು ಕೇಡಿದೆ. ಮೂತ್ರಪಿಂಡದ ತುಂಬ ನೀರುಗುಳ್ಳೆ ಏಳುವ ಕಾಯಿಲೆ, ಪಿಕೆಡಿ. ತಂದೆ ತಾಯಿಯಲ್ಲಿ ಒಂದಕ್ಕಿದ್ದರೂ ಸಾಕು, ಪ್ರತಿ ಮರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಗುಳ್ಳೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಿಡ್ನಿ ಕೈಕೊಡುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯ ದೋಷ 2004ರಲ್ಲೇ ಪತ್ತೆಯಾಗಿದೆ. ಕೆನ್ನೆಯ ಒಳಗಿನ ಎಂಜಲು ಸವರಿ ತೆಗೆದರೆ ಪರೀಕ್ಷೆ ಮಾಡಬಹುದು. ತಳಿ ಮಾಡುವವರು ಮನಸ್ಸು ಮಾಡಿದ್ದರೆ ಇಷ್ಟು ಹೊತ್ತಿಗೆ ನಿರ್ನಾಮ ಮಾಡಬಹುದಿದ್ದ ಕಾಯಿಲೆ ಇದು.

ಕಾನೂನು? ನಾಯಿ ತಳಿ ಮಾಡಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿತು. ಬೆಕ್ಕಿಗೆ ಅಂಥದ್ದಿಲ್ಲ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಮಾರಾಟಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಅವು ಪಂಜರದ ಅಳತೆ ಕೇಳುತ್ತವೆ, ಮೂಗಿನ ಅಳತೆ ಕೇಳುವುದಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಮರಿ ಮಾಡಿಸಿ ವಾಟ್ಸಾಪ್‌ನಲ್ಲಿ ಮಾರುವವರ ಬಾಗಿಲು ಯಾರು ತಟ್ಟುತ್ತಾರೆ? ಹಾಗಾಗಿ ಸದ್ಯಕ್ಕೆ ಈ ವ್ಯಾಪಾರವನ್ನು ನಿಲ್ಲಿಸಬಲ್ಲವರು ದುಡ್ಡು ಕೊಡುವ ನಾವು ಮಾತ್ರ.

ಈಗಾಗಲೇ ಮನೆಯಲ್ಲಿರುವ ಬೆಕ್ಕಿನದು ಬೇರೆ ಮಾತು. ಅದರ ತಪ್ಪೇನಿಲ್ಲ, ಸೇವೆ ಮಾಡಲೇಬೇಕು. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಕಣ್ಣು, ಮಡಿಕೆ ಒರೆಸಿ ಒಣಗಿಸಿ. ದಿನಾ ಬಾಚಿ, ಗಂಟು ಕಟ್ಟಿದ ಕೂದಲು ಚರ್ಮವನ್ನೇ ಎಳೆಯುತ್ತದೆ. ಊಟಕ್ಕೆ ಬಟ್ಟಲು ಬೇಡ, ಚಪ್ಪಟೆ ತಟ್ಟೆ ಇಡಿ. ಮೈ ಬೆಳೆಯಲು ಬಿಡಬೇಡಿ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ಮನುಷ್ಯರ ಡ್ರಾಪ್ಸ್ ತಂದು ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು ಕಣ್ಣಲ್ಲಿ ಹುಣ್ಣಿದ್ದರೆ ಕಣ್ಣೇ ಹೋಗಬಹುದು. ನಮ್ಮ ಕೊಪ್ಪಳ, ರಾಯಚೂರು ಕಡೆಯ ಮೇ ತಿಂಗಳಲ್ಲಿ ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ನಾಯಿಯ ಹಾಗೆ ಸಹಜ ಅಂದುಕೊಳ್ಳಬೇಡಿ, ತಕ್ಷಣ ತಂಪಾದ ಜಾಗಕ್ಕೆ ಒಯ್ದು ವೈದ್ಯರಿಗೆ ಫೋನ್ ಮಾಡಿ. ಮತ್ತು ದಯವಿಟ್ಟು ಸಂತಾನಹರಣ ಮಾಡಿಸಿ. ಇವಕ್ಕೆ ಅರಿವಳಿಕೆ ಕೊಡುವುದೂ ನಾಜೂಕಿನ ಕೆಲಸ, ಉಸಿರಿನ ನಳಿಕೆ ಹಾಕುವ ವ್ಯವಸ್ಥೆ ಇರುವ ಕಡೆಯೇ ಮಾಡಿಸಿ.

ತಂಗಿ ಬೇಸಿಗೆಯಿಡೀ ಬೆಕ್ಕಿನ ಪಕ್ಕ ಕೂಲರ್ ಇಟ್ಟುಕೊಂಡು ಮಲಗಿದಳು. ಮೊನ್ನೆ ಅದೇ ಮಾರಾಟಗಾರನ ಮೆಸೇಜ್ ಬಂತಂತೆ: "ಮೇಡಂ, ಎಕ್ಸ್‌ಟ್ರೀಮ್ ಪಂಚ್ ಮೇಲ್ ಇದೆ, ನಿಮ್ಮ ಬೆಕ್ಕಿಗೆ ಕ್ರಾಸ್ ಮಾಡ್ಸಿ, ಮರಿ ನಾವೇ ತಗೋತೀವಿ." ಇವಳು ಅದರ ಪಿಕೆಡಿ ರಿಪೋರ್ಟ್ ಕಳಿಸಿ ಎಂದು ಬರೆದಳು. ನೀಲಿ ಟಿಕ್ ಬಂತು. ಉತ್ತರ ಬಂದಿಲ್ಲ.