ಮಣ್ಣಿನ ಕಾರ್ಡಿನಲ್ಲಿ ಮೆಗ್ನೀಸಿಯಂ ಎಲ್ಲಿ?

ಧರ್ಮಸ್ಥಳದಿಂದ ಕೊಕ್ಕಡದ ಕಡೆ ಹೋಗುವ ದಾರಿಯಲ್ಲಿ ಒಳಗೆ ಇಳಿದರೆ ನಮ್ಮ ಒಂದೂವರೆ ಎಕರೆ ಅಡಿಕೆ ತೋಟ. ಮೂರು ವರ್ಷದ ಹಿಂದೆ ಕೆಳತಟ್ಟಿನ ಮರಗಳ ಅಡಿಸೋಗೆ ಹಳದಿಯಾಗತೊಡಗಿತು. ಗರಿಯ ನರ ಹಸಿರು, ನರಗಳ ನಡುವೆ ಮಾತ್ರ ಹಳದಿ. ಮದ್ದು ಬಿಡಲು ಬಂದವನು ಮರದ ಮೇಲಿಂದಲೇ ಕೂಗಿದ: "ಅಣ್ಣ, ಇದು ಸಂಪಾಜೆಯ ರೋಗವೇ. ಕಡಿದುಬಿಡಿ."

ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಸುಳ್ಯದ ಆಚೆ ಸಂಪಾಜೆಯಲ್ಲಿ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋದದ್ದನ್ನು ಕಂಡವರಿಗೆ ಆ ಭಯ ಗೊತ್ತು.

ಕಡಿಯಲಿಲ್ಲ. ಕೈಯಿಂದ ದುಡ್ಡು ಕೊಟ್ಟು ಮಣ್ಣು ಪರೀಕ್ಷೆ ಮಾಡಿಸಿದೆ. ಮಣ್ಣು ಹುಳಿ, ಪೊಟ್ಯಾಷ್ ಧಾರಾಳ, ಮೆಗ್ನೀಸಿಯಂ ತೀರಾ ಕಡಿಮೆ. ತಪ್ಪು ನನ್ನ ಕೈಯದೇ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಷ್ ಎನ್ನುವುದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. ಆ 140 ಗ್ರಾಂಗೆ ಅಂಗಡಿಯ ಕೆಂಪು ಪೊಟ್ಯಾಷ್ ಸುಮಾರು 230 ಗ್ರಾಂ ಸಾಕು. ಕಾಯಿ ತೂಕ ಬರುತ್ತದೆಂದು ನಾನು ಬುಡಕ್ಕೆ ಎರಡೆರಡು ಗೆರಟೆ ತುಂಬ ಸುರಿಯುತ್ತಿದ್ದೆ.

ಮಣ್ಣಿನ ನೀರಿನಲ್ಲಿ ಪೊಟ್ಯಾಷ್ ವಿಪರೀತವಾದರೆ ಬೇರು ಅದನ್ನೇ ಎಳೆದುಕೊಳ್ಳುತ್ತದೆ. ಮೆಗ್ನೀಸಿಯಂ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಮಣ್ಣಿನ ಕಣ ಹಿಡಿದಿಟ್ಟ ಮೆಗ್ನೀಸಿಯಂ ಅನ್ನೂ ಪೊಟ್ಯಾಷ್ ಬಿಡಿಸಿ ಹಾಕುತ್ತದೆ. ಬಿಟ್ಟದ್ದನ್ನು ಆಟಿಯ ಮಳೆ ನೇತ್ರಾವತಿಗೆ ಒಯ್ಯುತ್ತದೆ. ಎಲೆಯ ಹಸಿರಿನ ನಡುಮಧ್ಯೆ ಇರುವುದೇ ಮೆಗ್ನೀಸಿಯಂ. ಅದು ಸಾಲದಾದಾಗ ಮರ ಹಳೆಯ ಸೋಗೆಯಿಂದ ಕಿತ್ತು ಎಳೆಯ ಸೋಗೆಗೆ ಕೊಡುತ್ತದೆ. ಅಡಿಸೋಗೆ ಮೊದಲು ಹಳದಿಯಾಗುವುದು ಅದಕ್ಕೆ.

ಒಂದು ಅತಿಯಾಗಿ ಇನ್ನೊಂದನ್ನು ತಡೆಯುವುದು ಪೊಟ್ಯಾಷ್ ಮಾತ್ರವಲ್ಲ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತು ವರ್ಷ ವರ್ಷ ಬುಡಕ್ಕಿಳಿದು ತಾಮ್ರ ಜಮೆಯಾದರೆ ಕಬ್ಬಿಣ, ಸತುವಿಗೂ ತೊಂದರೆ. ರಂಜಕ ಅತಿಯಾದರೂ ಸತು ಸಿಗದು. ನನ್ನ ಅಪ್ಪ ಬುಡಕ್ಕೆ ಹಾಕುತ್ತಿದ್ದದ್ದು ಸೊಪ್ಪು, ಹಟ್ಟಿಗೊಬ್ಬರ, ಸುಡುಮಣ್ಣು. ಸುಡುಮಣ್ಣಿನ ಬೂದಿಯಲ್ಲಿ ಪೊಟ್ಯಾಷಿನ ಜೊತೆಗೇ ಸುಣ್ಣ, ಮೆಗ್ನೀಸಿಯಂ ಇರುತ್ತಿತ್ತು.

ನನ್ನ ಆಕ್ಷೇಪ ಇಲ್ಲಿದೆ. 2015ರಲ್ಲಿ ಶುರುವಾದ ಕೇಂದ್ರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಸತು, ಬೋರಾನ್, ತಾಮ್ರ ಎಲ್ಲ ಇವೆ. ಕ್ಯಾಲ್ಸಿಯಂ ಇಲ್ಲ, ಮೆಗ್ನೀಸಿಯಂ ಇಲ್ಲ. ಬಯಲುಸೀಮೆಯ ಎರೆ ಮಣ್ಣಿಗೆ ಅದು ನಡೆದೀತು. ಆದರೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಮ್ಮ ಬೆಳ್ತಂಗಡಿಯ ಮುರಕಲ್ಲಿನ ಮಣ್ಣಿನಿಂದ ಇವೆರಡೂ ತೊಳೆದುಹೋಗುತ್ತವೆ. ಕರಾವಳಿ, ಮಲೆನಾಡಿನ ಕಾರ್ಡಿಗೆ ಈ ಎರಡು ಸಾಲು ಸೇರಲೇಬೇಕು. ಪೊಟ್ಯಾಷಿಗೆ ಹೋಲಿಸಿದರೆ ಮೆಗ್ನೀಸಿಯಂ ಎಷ್ಟಿದೆ ಎಂದೂ ಬರೆದು ಕೊಡಬೇಕು. ಅಲ್ಲಿಯವರೆಗೆ ಬೆಳೆಗಾರರು ಗೊಬ್ಬರಕ್ಕೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಇವೆರಡನ್ನೂ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಲಿ. ನಿಜವಾದ ಹಳದಿ ಎಲೆ ರೋಗ ಗೊಬ್ಬರದಿಂದ ಗುಣವಾಗುವುದಿಲ್ಲ. ಯಾವುದು ಯಾವುದೆಂದು ತಿಳಿಯದೆ ಕೊಡಲಿ ಎತ್ತುವುದೂ ಬೇಡ.

ನಾನು ಪೊಟ್ಯಾಷ್ ಇಳಿಸಿ, ಮಳೆಗೆ ಮೊದಲು ಬುಡಕ್ಕೆ ಮೆಗ್ನೀಸಿಯಂ ಇರುವ ಡೋಲೋಮೈಟ್ ಹಾಕಿದೆ. ಹಳದಿಯಾದ ಸೋಗೆಗಳು ಮತ್ತೆ ಹಸಿರಾಗಲಿಲ್ಲ, ಒಂದೊಂದಾಗಿ ಬಿದ್ದವು. ಎರಡು ಮಳೆಗಾಲ ಕಳೆಯಿತು. ಡೋಲೋಮೈಟ್ ಹಾಕಿದ ಮೇಲೆ ಬಂದ ಸೋಗೆಗಳು ಈಗ ಅಡಿಗೆ ಇಳಿದಿವೆ, ಹಸಿರಾಗಿಯೇ ಇವೆ.