ದೇವರ ನೆವ ಇಲ್ಲದನ ಗುಡ್ಡಕ್ಕ ಹೋಗೂಣು ಬರ್ರಿ

ಹೆಣ್ಮಕ್ಕಳು ಮನಿ ಬಿಟ್ಟು ಹೊರಗ ಹೊಂಡಬೇಕಂದ್ರ ಒಂದು ನೆವ ಬೇಕು. ದೇವರು, ಮದುವಿ-ಕುಬಸ, ದವಾಖಾನಿ, ಇಲ್ಲಂದ್ರ ಸಂತಿ. ಈ ನಾಕರಾಗ ಒಂದೂ ಇಲ್ಲದ "ಸುಮ್ಮನ ಒಂದೀಟು ಅಡ್ಡಾಡಿ ಬರ್ತೀನಿ" ಅಂದ್ರ ಮನ್ಯಾಗಿನವರು ಮಾರಿ ಮಾರಿ ನೋಡ್ತಾರ. "ಸುಮ್ಮನ ಅಂದ್ರ? ಯಾರ ಮನಿಗೆ?" ಅಂತ ಕೇಳ್ತಾರ. ಯಾರ ಮನಿಗೂ ಅಲ್ಲ, ಕೆರಿ ದಂಡಿಗೆ, ಗುಡ್ಡಕ್ಕ ಅಂದ್ರ ನಂಬೂದಿಲ್ಲ. ಓಣಿಯವರು, ಬೀಗರು, ನೆಗೆಣ್ಣೆರು ಎಲ್ಲಾರೂ ಇದನ್ನ ಓದ್ರಿ, ಆಮ್ಯಾಲೆ ಬೇಕಾದ್ರ ನನ್ನ ಜೋಡಿ ಜಗಳಾ ತಗೀರಿ. ವಾರಕ್ಕ ಒಂದು ಮುಂಜಾನೆ, ಎರಡು ತಾಸು, ನೆವ ಇಲ್ಲದ, ಬುತ್ತಿ ಇಲ್ಲದ ಊರ ಹತ್ತರದ ಗುಡ್ಡಕ್ಕೋ ಕೆರಿಗೋ ಹೋಗಿ ಬರೂದು ನಮ್ಮ ಹಕ್ಕು ಅಂತ ನಾನು ಹೇಳ್ತೀನಿ. ಯಾರೋ ಕೊಟ್ಟ ಸವಲತ್ತಲ್ಲ, ಹಕ್ಕು.

ನಾವು ಸಂಸಾರ ಹೂಡಿದ ಈ ಧಾರವಾಡ ಎಂಥಾ ಜಾಗಾ ಅನ್ನೂದು ವಿಚಾರ ಮಾಡ್ರಿ. ಕಲಘಟಗಿ, ಅಳ್ನಾವರ ಕಡೆ ಹೊಂಟ್ರ ಕೆಂಪು ಮಣ್ಣು, ಭತ್ತದ ಗದ್ದಿ, ಸಾಗವಾನಿ ಕಾಡು, ಮಲೆನಾಡು ಸುರು. ನವಲಗುಂದ, ಅಣ್ಣಿಗೇರಿ ಕಡೆ ಹೊಂಟ್ರ ಎರಿ ಹೊಲ, ಜೋಳ, ಕಡ್ಲಿ, ಹತ್ತಿ, ಕಣ್ಣು ಹಾಯೂತನಕ ಬಯಲು. ಎರಡರ ನಡುವಿನ ಹೊಸ್ತಲದ ಮ್ಯಾಲೆ ನಮ್ಮೂರು ಕುಂತೈತಿ. ಶಾಲ್ಮಲಾ ನದಿ ಹುಟ್ಟೂದು ಇಲ್ಲೇ ಸೋಮೇಶ್ವರ ಗುಡಿ ಹತ್ತರ. ಅದು ಕಲಘಟಗಿ ಕಡೆ ಹರದು ಬೇಡ್ತಿ ಕೂಡಿಕೊಂಡು, ಮಾಗೋಡದಾಗ ಧುಮುಕಿ, ಗಂಗಾವಳಿ ಅನ್ನೂ ಹೆಸರಿಲೆ ಅಂಕೋಲಾದ ಹತ್ತರ ಅರಬ್ಬಿ ಸಮುದ್ರ ಸೇರ್ತೈತಿ. ಊರ ಮೂಡಲ ಮಗ್ಗಲಕ್ಕ ಬಿದ್ದ ಮಳಿ ಮಾತ್ರ ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡದು ಮಲಪ್ರಭಾಕ್ಕ, ಅಲ್ಲಿಂದ ಕೃಷ್ಣಾಕ್ಕ, ಕೊನಿಗೆ ಬಂಗಾಳ ಕೊಲ್ಲಿಗೆ. ತುಪ್ಪರಿ, ಬೆಣ್ಣಿ! ಹಳ್ಳಕ್ಕ ಹೆಸರಿಟ್ಟವರು ಖರೇನ ಹೆಣ್ಮಕ್ಕಳ ಇರಬೇಕು, ಅಡಗಿಮನಿ ಬಾಗಲದಾಗ ನಿಂತು ಇಟ್ಟಂಗ ಅದಾವ. ಒಂದ ಊರಿನ ಮಳಿ ಎರಡು ಸಮುದ್ರಕ್ಕ ಹೋಗ್ತೈತಿ, ಆ ಊರಿನ ಹೆಣ್ಮಕ್ಕಳು ಮಾತ್ರ ಮಾರ್ಕೆಟ್ಟಿನಿಂದ ಮನಿ, ಮನಿಯಿಂದ ಮಾರ್ಕೆಟ್ಟು.

2023ರ ಜೂನದಾಗ ಶಕ್ತಿ ಯೋಜನಾ ಬಂತು. ಸರ್ಕಾರದ ಸಾದಾ ಬಸ್ಸಿಗೆ ಹೆಣ್ಮಕ್ಕಳಿಗೆ ಟಿಕೀಟಿನ ರೊಕ್ಕ ಇಲ್ಲ ಅಂದಕೂಡ್ಲೆ ಏನಾತು ನೆನಪೈತಲ್ಲ? ಸವದತ್ತಿ ಎಲ್ಲಮ್ಮ, ಧರ್ಮಸ್ಥಳ, ಕೊಲ್ಲೂರು. ಬಸ್ಸಿನ್ಯಾಗ ನಿಂದ್ರಾಕ ಜಾಗಾ ಇರಲಿಲ್ಲ. ಅದನ್ನ ನೋಡಿ ನಕ್ಕವರು ನಕ್ಕರು, ನಾನು ನಗೂದಿಲ್ಲ. ನಲವತ್ತು ವರ್ಷ ಹೊಸ್ತಲಾ ದಾಟದವರು ದಾಟಿದ್ರು, ಅದು ಸಣ್ಣ ಮಾತಲ್ಲ. ಆದ್ರ ಅದ ಬಸ್ಸು ಕೆಲಗೇರಿಗೂ ಹೋಗ್ತೈತಿ, ಉಣಕಲ್ಲಿಗೂ ಹೋಗ್ತೈತಿ, ಕಲಘಟಗಿ ದಾರಿಗೂ ಹೋಗ್ತೈತಿ. ಅಲ್ಲಿಗೆ ಹೋಗಾಕ ಆಧಾರ ಕಾರ್ಡ್ ಸಾಕು, ಹರಕಿ ಬ್ಯಾಡ. ದಾಂಡೇಲಿ ಬ್ಯಾರೆ ಮಾತು. 55-60 ಕಿಲೋಮೀಟರು, ರಿಸಾರ್ಟು, ಜೀಪು, ರಾಫ್ಟಿಂಗು ಅಂತ ಒಬ್ಬೊಬ್ಬರಿಗೆ ಸಾವಿರಗಟ್ಟಲೆ. ಅದು ಹುಡುಗರ ಖರ್ಚು. ನಾನು ಹೇಳೂದು ಕೆಲಗೇರಿ ಕೆರಿ ದಂಡಿ, ಬೇಂದ್ರೆ ಅಜ್ಜಾರ ಸಾಧನಕೇರಿ, ಮುಂಜಾನೆ ನವಿಲು ಕೂಗೂ ಕರ್ನಾಟಕ ವಿಶ್ವವಿದ್ಯಾಲಯದ ದಾರಿಗೋಳು, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ. ಬೆಟ್ಟದ ಮ್ಯಾಲೆ ನಿಂತ್ರ ಇಡೀ ಹುಬ್ಬಳ್ಳಿ ಕಾಲಾಗ ಬಿದ್ದಂಗ ಕಾಣತೈತಿ. ನಿಮ್ಮ ಮನಿ ಎಲ್ಲೈತಿ ಅಂತ ಹುಡುಕ್ರಿ. ಬೆಂಕಿಪೆಟ್ಟಿಗಿ ಅಷ್ಟ ಕಾಣತೈತಿ, ಅದರೊಳಗಿನ ಕಿರಿಕಿರಿನೂ ಅಷ್ಟ.

ಈಗ ಬುತ್ತಿ ಮಾತಿಗೆ ಬರ್ತೀನಿ, ಯಾಕಂದ್ರ ನನ್ನ ದೊಡ್ಡ ತಕರಾರು ಇರೂದು ಇದರ ಮ್ಯಾಲೆ.

ಹೊರಗ ಹೋಗಿ ಉಣ್ಣೂದು ನಮಗೇನು ಹೊಸಾದಲ್ಲ. ಶೀಗಿ ಹುಣ್ಣಿವಿಗೆ, ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಪುಂಡಿಪಲ್ಲೆ, ಶೇಂಗಾ ಹೋಳಗಿ, ಮೊಸರನ್ನದ ಬುತ್ತಿ ಬಿಚ್ಚಿ ಗಿಡದ ನೆರಳಾಗ ಕುಂತು ಉಂಡ ಸುಖಾ ಎಂಥಾದ್ದು ಅಂತ ಬಲ್ಲೆ. ಅದನ್ನ ಬಿಡ್ರಿ ಅಂತ ನಾನು ಯಾವತ್ತೂ ಹೇಳೂದಿಲ್ಲ. ವರ್ಷಕ್ಕ ಎರಡು ಸಲ, ಭೂಮಿತಾಯಿಗೆ ಉಣಸಾಕ. ಆದ್ರ ಈಗ ರವಿವಾರಕ್ಕೊಮ್ಮೆ ಗಂಡಸರು ಹುಡುಗರು "ನಡೀರಿ, ಎಲ್ಲೆರ ಹೋಗಿ ಬರೂಣು" ಅಂದಾಗೂ ಅದ ಬುತ್ತಿ ಕಟ್ಟೂದು ಯಾಕ? ಅವರು ಅಂದದ್ದು ರಾತ್ರಿ ಒಂಬತ್ತಕ್ಕ. ನಾವು ಏಳೂದು ನಸಕಿನ ಮೂರಕ್ಕ.

ಹ್ವಾದ ಜನವರಿಯೊಳಗ ನಮ್ಮ ಮನಿ ಮಂದಿ ಹನ್ನೊಂದು ಜನಾ ಅತ್ತಿವೇರಿಗೆ ಹೋಗಿದ್ವಿ. ಮುಂಡಗೋಡ ತಾಲೂಕಿನ ಪಕ್ಷಿಧಾಮ, ಹುಬ್ಬಳ್ಳಿಯಿಂದ 43 ಕಿಲೋಮೀಟರು. ದೊಡ್ಡದೇನಲ್ಲ, ಎಲ್ಲಾ ಸೇರಿ 2.23 ಚದರ ಕಿಲೋಮೀಟರು, ಒಂದು ಜಲಾಶಯ, ಸುತ್ತಲೂ ಗಿಡಾ. ನವೆಂಬರದಿಂದ ಮಾರ್ಚ್ ತನಕ ಹಕ್ಕಿ ಭಾಳ. ಗಂಡಸರು, ಹುಡುಗರು ನೀರಿನ ದಂಡಿಗೆ ಹ್ವಾದ್ರು. ನಾನು, ನಮ್ಮ ನೆಗೆಣ್ಣಿ ಜಮಖಾನಿ ಹಾಸಿ, ಡಬ್ಬಿ ಬಿಚ್ಚಿ, ತಾಟು ಒರಸಿ, ಶೇಂಗಾ ಹಿಂಡಿಗೆ ಎಣ್ಣಿ ಹಾಕಿ ಕಲಿಸಿ ಕೊಟ್ವಿ. ಉಂಡ ಮ್ಯಾಲೆ ಡಬ್ಬಿ ತೊಳದ್ವಿ. ಅಷ್ಟೊತ್ತಿಗೆ ಬಿಸಲು ಏರಿ ಹಕ್ಕಿ ಎಲ್ಲಾ ಗಿಡದ ಮರಿಗೆ ಹೋಗಿದ್ವು. ಆರು ವರ್ಷದ ನಮ್ಮ ಮೈದುನನ ಮಗಳು ಓಡಿ ಬಂದು, "ದೊಡ್ಡವ್ವಾ, ಚಮಚದಂಗ ಬಾಯಿ ಇರೂ ಹಕ್ಕಿ ನೋಡಿದ್ಯಾ?" ಅಂತ ಕೇಳಿದ್ಲು. ಅಕಿ ಹೇಳಿದ್ದು ಚಮಚ ಕೊಕ್ಕಿನ ಹಕ್ಕಿ, ನೀರಾಗ ಕೊಕ್ಕು ಆಡಿಸಿ ಆಡಿಸಿ ಮೀನು ಹಿಡೀತೈತಿ. ನಮ್ಮ ನೆಗೆಣ್ಣಿ ಕೈಯಾಗಿನ ಚಮಚಾ ಎತ್ತಿ ತೋರಿಸಿ, "ನಾನು ಇದೊಂದ ಚಮಚಾ ನೋಡಿದೆ ನೋಡವಾ" ಅಂದ್ಲು. ಎಲ್ಲಾರೂ ನಕ್ಕರು. ಅಕಿ ನಗಲಿಲ್ಲ.

ಅದಕ್ಕ ನನ್ನ ಕರಾರು ಏನಂದ್ರ, ಕುಟುಂಬದ ಜೋಡಿ ಹೊಂಟ್ರ ಡಬ್ಬಿ ಒಂದ, ಅದನ್ನ ಕಟ್ಟೂದು ಹೊರೂದು ಗಂಡಸರು. ಚುರಮರಿ, ಶೇಂಗಾ, ಬಾಳಿಹಣ್ಣು, ಮುಗೀತು. ಅವಲಕ್ಕಿ ಕಲಸಾಕ ಏನು ಕಾಲೇಜು ಕಲೀಬೇಕಾಗಿಲ್ಲ. ನಾವು ನಾವ ಹೊಂಟ್ರ ಏನೂ ಬ್ಯಾಡ, ಬರೀ ನೀರು. ಬರೂಮುಂದ ದಾರ್‍ಯಾಗ ಚಹಾ ಕುಡಿಯೂಣು.

ನೀರು ಅಂದೆ ನೋಡ್ರಿ, ಅಲ್ಲೇ ಮುಳ್ಳು ಚುಚ್ಚೂದು. ಎಷ್ಟು ಮಂದಿ ಅಡ್ಡಾಡಾಕ ಹೋಗೂ ದಿನ ನೀರು ಕುಡಿಯೂದಿಲ್ಲ? ಕೈ ಎತ್ತಾಕ ಹೇಳಿದ್ರ ಎಲ್ಲಾರೂ ಎತ್ತೀರಿ. ಗಂಡಸರಿಗೆ ಗಿಡ ಸಾಕು, ಗ್ವಾಡಿ ಸಾಕು. ನಾವು ಹಿಂದಿನ ಸಂಜಿಯಿಂದನ ಲೆಕ್ಕಾ ಹಾಕಿ, ಗಂಟಲಾ ಒಣಗಿಸಿಕೊಂಡು ಹೊಂಡ್ತೀವಿ. ಎದುರುಮನಿ ಅಕ್ಕೋರಿಗೆ ಸಕ್ಕರಿ ಕಾಯಿಲೆ, ಡಾಕ್ಟರು ದಿನಾ ನಡೀರಿ ಅಂದಾರ. ನೀರು ತಡದು ತಡದು ಉರಿಮೂತ್ರ ಹಿಡಕೊಂಡು ಆ ಡಾಕ್ಟರ ಕಡೆನ ಮತ್ತ ಹೋಗಿ ಬಂದರು. ಈಗ ಅವರ ಮಗಾ ಓಡೂ ಮಷಿನ್ನು ತಂದು ಕೊಟ್ಟಾನ. ಅದರ ಮ್ಯಾಲೆ ಅರಿವಿ ಒಣಗತಾವ, ಮಳಿಗಾಲದಾಗ ಭಾಳ ಅನುಕೂಲ.

ಒಂದು ಕೆರಿ ಉದ್ಯಾನದ ಕತಿ ಹೇಳ್ತೀನಿ, ಹೆಸರು ಬ್ಯಾಡ. ಬಾಗಲದಾಗ ಟಿಕೀಟು, ಒಳಗ ಬಣ್ಣಬಣ್ಣದ ಕಾರಂಜಿ, ಸಿಮೆಂಟಿನ ಜಿಂಕಿ, ಸೆಲ್ಫಿ ತಗೊಳ್ಳಾಕ ಹೃದಯದ ಆಕಾರದ ಕಮಾನು. ಹೆಣ್ಮಕ್ಕಳ ಶೌಚಾಲಯಕ್ಕ ಕೀಲಿ. ಕೀಲಿಕೈ ಯಾರ ಕಡೆ ಐತಿ ಅಂದ್ರ, ಒಂಬತ್ತಕ್ಕ ಬರೂ ಮನಶ್ಯಾನ ಕಡೆ. ನಡಿಯೂ ಮಂದಿ ಬರೂದು ಆರಕ್ಕ, ಹೋಗೂದು ಎಂಟಕ್ಕ. ಅಂದ್ರ ಅದು ಯಾರಿಗೆ ಕಟ್ಟಿದ್ದು? ನಾವು ಎಂಟು ಮಂದಿ ಕೂಡಿ ಅದನ್ನ ನೋಡಿಕೊಳ್ಳೂ ಕಚೇರಿಗೆ ಹೋಗಿ ಕೇಳಿದ್ವಿ. "ತೆರದಿಟ್ರ ಹೊಲಸು ಮಾಡ್ತಾರ್ರಿ" ಅಂತ ಉತ್ತರ ಬಂತು. ಸ್ವಚ್ಛ ಮಾಡಾಕ ಒಬ್ಬ ಹೆಣ್ಮಗಳನ್ನ ಪಗಾರ ಕೊಟ್ಟು ಇಡ್ರಿ, ಕಾರಂಜಿ ಒಂದು ತಾಸು ಕಮ್ಮಿ ಹಾರಿಸ್ರಿ ಅಂದ್ವಿ. ಬರದು ಕೊಡ್ರಿ ಅಂದರು. ಬರದೇವಿ.

ಕೆರಿ ಅಂದ್ರ ಏನು ಅನ್ನೂದರಾಗ ಅವರದು ನಮ್ಮದು ವಿಚಾರ ಬ್ಯಾರೆ ಅಂತ ನನಗ ಅನಸ್ತೈತಿ. ಅವರಿಗೆ ಕೆರಿ ಅಂದ್ರ ಸುತ್ತಲೂ ಕಲ್ಲು ಕಟ್ಟಿ, ಹುಲ್ಲು ಕೆತ್ತಿ, ದೀಪಾ ಹಾಕೂ ಜಾಗಾ. ದಂಡಿಗೆ ಜೊಂಡು ಇಲ್ಲಂದ್ರ ಹಕ್ಕಿ ಎಲ್ಲೆ ಗೂಡು ಕಟ್ಟಬೇಕು? ಎಮ್ಮಿ ಎಲ್ಲೆ ಮಲಗಬೇಕು? ನಮ್ಮ ಧಾರವಾಡದ ಎಮ್ಮಿಯನ್ನ 2021ರಾಗ ಒಂದು ಬ್ಯಾರೆ ತಳಿ ಅಂತ ದೇಶದ ಪಟ್ಟಿಗೆ ಸೇರಿಸ್ಯಾರ. ನಮ್ಮ ಪೇಡೆದ ಮೂಲ ಅದ. ಅದು ನೀರಿಗೆ ಇಳಿಯೂದು ಹೊಲಸು ಅಂತ, ಸಿಮೆಂಟಿನ ಜಿಂಕಿ ಚೆಂದ ಅಂತ!

ಕೆಲವರಿಗೆ ಇಲ್ಲೇ ಒಂದು ಮಾತು ಹೇಳಬೇಕು, ಸಿಟ್ಟಾಗಬ್ಯಾಡ್ರಿ. ಒಡದ ಕಾಜಿನ ದೇವರ ಫೋಟೋ, ಹಳೇ ಬಾಸಿಂಗ, ಪ್ಲಾಸ್ಟಿಕ್ ಹೂವಿನ ಮಾಲಿ, ಪೂಜಿ ಮಾಡಿದ ತೆಂಗಿನಕಾಯಿ ಚೀಲಾ ಸಮೇತ, ಎಲ್ಲಾ ತಂದು ಕೆರಿಗೆ ಬಿಡ್ತೀರಿ. ಕಸದ ಗಾಡಿಗೆ ಹಾಕಿದ್ರ ಪಾಪ, ನೀರಾಗ ಬಿಟ್ರ ಪುಣ್ಯ ಅಂತ. ಅದ ಕಾಜು ಎಮ್ಮಿ ಕಾಲಿಗೆ ಹೊಕ್ಕರ ಪಾಪ ಯಾರ ಲೆಕ್ಕಕ್ಕ? ಫೋಟೋದ ಹಾಳಿ ತಗದು ತುಳಸಿ ಕಟ್ಟಿ ಮಣ್ಣಾಗ ಇಡ್ರಿ, ಹೂವಾನೂ ಅಲ್ಲೇ ಹಾಕ್ರಿ, ಕಾಜು-ಕಟ್ಟು ಗಾಡಿಗೆ ಕೊಡ್ರಿ. ದೇವರೇನೂ ಅನ್ನೂದಿಲ್ಲ.

ಅಂಜಿಕಿ ಮಾತು ತಗೀತಾರ ಕೆಲವರು. ಅಂಜಿಕಿ ಸುಳ್ಳಲ್ಲ. ಒಬ್ಬಾಕಿ ನಸಕಿನ್ಯಾಗ ಗುಡ್ಡಾ ಹತ್ತು ಅಂತ ನಾನು ಹೇಳೂದಿಲ್ಲ. ನಾಕು ಮಂದಿ ಕೂಡ್ರಿ, ಬೆಳಕು ಹರಿದ ಮ್ಯಾಲೆ ಹೋಗ್ರಿ, ಎಲ್ಲಿಗೆ ಅಂತ ಮನ್ಯಾಗ ಹೇಳ್ರಿ, ಕೊಳ್ಳಾಗಿನ ಸರಾ ಮನ್ಯಾಗ ಇಡ್ರಿ. ಚಪ್ಪಲಿ ಬ್ಯಾಡ, ಬೂಟು ಹಾಕ್ರಿ. ಸೀರಿ ಮ್ಯಾಲೆ ಬೂಟು ಹಾಕಿದ್ರ ಯಾರೂ ಸಾಯೂದಿಲ್ಲ. ಮೊಣಕಾಲು ನೋಯೂವರು ಗುಡ್ಡದ ತಂಟೇಕ ಹೋಗದ ಕೆರಿ ಏರಿ ಮ್ಯಾಲೆ ನಡೀರಿ, ಸಪಾಟ ಇರ್ತೈತಿ. ಆದ್ರ "ಗಂಡಸರು ಯಾರರ ಜೋಡಿ ಬೇಕು" ಅನ್ನೂದನ್ನ ಮಾತ್ರ ನಾ ಒಪ್ಪೂದಿಲ್ಲ. ಅವರು ಬಂದ್ರ ಹೆಜ್ಜಿ ಅವರದು, ಹೊತ್ತು ಅವರದು, "ನಡೀರಿ ನಡೀರಿ, ನನಗ ಆಫೀಸೈತಿ" ಅನ್ನೂ ರಾಗಾನೂ ಅವರದು.

ನಡಿಯೂದು ಬರೀ ಸಕ್ಕರಿ, ಬಿಪಿ ಇಳಿಸಾಕ ಅಂತ ನಾನು ತಿಳಕೊಂಡಿಲ್ಲ. ನಮ್ಮವ್ವಗ ಬೇಲಿ ಸಾಲಿನ್ಯಾಗಿನ ಗಿಡಾ ಎಲ್ಲಾ ಹೆಸರು ಹಿಡದು ಗೊತ್ತಿದ್ವು. ಉತ್ತರಾಣಿ, ತುಂಬಿ, ಲಕ್ಕಿ, ತಂಗಡಿ. ಬಾಣಂತಿ ಮೈ ತೊಳಿಯೂ ನೀರಿಗೆ ಲಕ್ಕಿ ತಪ್ಪಲಾ ಹಾಕ್ತಿದ್ಲು. ನನ್ನ ಮಗಳಿಗೆ ಅಂಗಡ್ಯಾಗಿನ ಕವಳಿಹಣ್ಣು ಗೊತ್ತೈತಿ, ಅದರ ಮುಳ್ಳು ಗೊತ್ತಿಲ್ಲ. ಎಲಿ ಪೊಟ್ಟಣದಾಗ ಕವಳಿಹಣ್ಣು ಮಾರಾಕ ಬರೂ ಹೆಣ್ಮಕ್ಕಳ ಕೈ ಒಮ್ಮೆ ನೋಡ್ರಿ, ಗೀರು ಗೀರು ಎದ್ದಿರ್ತಾವ.

ಕಣ್ಣಾರೆ ನೋಡದ ಜಾಗಾದ ಸಲುವಾಗಿ ಯಾರೂ ಬಾಯಿ ತಗಿಯೂದಿಲ್ಲ. ಗದಗಿನ ಕಡೆ ಬೀಗರಿದ್ದವರು ಕಪ್ಪತಗುಡ್ಡದ ಕತಿ ಕೇಳೀರಿ. ಔಷಧಿ ಗಿಡಕ್ಕ ಹೆಸರಾದ ಗುಡ್ಡಾ, ಗಣಿಗಾರಿಕಿಯವರ ಕಣ್ಣು ಅದರ ಮ್ಯಾಲೆ. 2015ರಾಗ ಅದಕ್ಕ ರಕ್ಷಣಾ ಕೊಟ್ಟು, ಮರುವರ್ಷ ತಗದು ಹಾಕಿದಾಗ ತೋಂಟದ ಸಿದ್ಧಲಿಂಗ ಅಜ್ಜಾರ ಜೋಡಿ ಮಂದಿ ಬೀದಿಗೆ ಕುಂತರು. ರಕ್ಷಣಾ ಮತ್ತ ಬಂತು. 2019ರಾಗ 244 ಚದರ ಕಿಲೋಮೀಟರು ವನ್ಯಜೀವಿಧಾಮ ಆತು. ಆ ಗುಡ್ಡದಾಗ ಅಡ್ಡಾಡಿದವರು, ಅದರ ತಪ್ಪಲಾ ತಂದು ಅರದು ಹಚ್ಚಿಕೊಂಡವರು ಇದ್ದರು, ಅದಕ್ಕ ಕುಂತರು. ಅಲ್ಲೇ ಶಿರಹಟ್ಟಿ ಕಡೆ ಮಾಗಡಿ ಕೆರಿಗೆ ಚಳಿಗಾಲದಾಗ ಹಿಮಾಲಯ ದಾಟಿ ಪಟ್ಟಿ ತಲಿ ಹೆಬ್ಬಾತು ಬರ್ತಾವ. 2024ರಾಗ ಆ ಕೆರಿ ರಾಮ್ಸಾರ್ ಪಟ್ಟಿಗೆ ಸೇರೇತಿ, ಅಂದ್ರ ಜಗತ್ತಿನ ಮಂದಿನ ಇದನ್ನ ಕಾಯಬೇಕು ಅಂದಂಗ. ಅಷ್ಟು ದೂರದಿಂದ ಬಂದ ಬಾತಿಗೆ ಏನು ರುಚಿ ಅಂತೀರಿ? ನಮ್ಮ ಹೊಲದ ಶೇಂಗಾ. ಹೊಲದವರು ಬೈಕೋತನ ಬಿಟ್ಟಾರ, ಬೀಗರು ಬಂದಾಗ ಬೈಕೊಂಡು ಬಡಸಿದಂಗ.

ಬರೂ ಬುಧವಾರ ಮುಂಜಾನೆ ಆರೂವರಿಗೆ ಕೆಲಗೇರಿ ಕೆರಿ ಏರಿ ಮ್ಯಾಲೆ ಕೂಡೂಣು. ರವಿವಾರ ಬ್ಯಾಡ, ಅವತ್ತು ಮನ್ಯಾಗ ಎಲ್ಲಾರೂ ಇರ್ತಾರ, ಬಿಡೂದಿಲ್ಲ. ಎಂಟೂವರಿಗೆ ವಾಪಸ್ಸು. ಅವತ್ತು ನಾಷ್ಟಾ ಯಾರು ಮಾಡ್ತಾರ ಅಂತ ಮಂಗಳವಾರ ರಾತ್ರಿನ ಮನ್ಯಾಗ ಹೇಳಿಬಿಡ್ರಿ, ಕೇಳಬ್ಯಾಡ್ರಿ, ಹೇಳ್ರಿ. ಶೌಚಾಲಯದ ಅರ್ಜಿ ನನ್ನ ಚೀಲದಾಗ ಇರ್ತೈತಿ, ಪೆನ್ನೂ ಇರ್ತೈತಿ. ಈಗ 23 ಸಹಿ ಆಗ್ಯಾವ. ಓದಿ ನೋಡಿ ನಿಮ್ಮದೂ ಹಾಕ್ರಿ. ಡಬ್ಬಿ ತಂದವರ ಡಬ್ಬಿ ಅಲ್ಲೇ ಎಮ್ಮಿ ಕಾಯೂ ಹುಡುಗರಿಗೆ ಕೊಟ್ಟುಬಿಡ್ತೀನಿ, ಮೊದಲ ಹೇಳೇನಿ.